ಹಚ್ಚಬಾರದ್ದು

ಗಲಭೆಯಲ್ಲಿ ಮನೆ ಸುಟ್ಟುಹೋದವರೆಲ್ಲ ಒಂದು ಶಾಲೆಯಲ್ಲಿ ಆಶ್ರಯ ಪಡೆದಿದ್ದರು. ಆಸ್ಪತ್ರೆಗೆ ಹೋಗುವ ದಾರಿ ಬಂದಾಗಿತ್ತು. ಅಲ್ಲಿ ಮೈ ಅರ್ಧ ಬೆಂದುಹೋಗಿದ್ದ ಹುಡುಗಿಯ ಪಕ್ಕದಲ್ಲಿ ಅವಳ ಅಜ್ಜಿ ಇದ್ದರು. ಎಲ್ಲಿಂದಲೋ ಬಂದ ಒಬ್ಬ ಯುವಕನೂ ಇದ್ದ. ಹುಡುಗಿಗೆ ನೀರು ಕುಡಿಸುತ್ತಿದ್ದ, ನೊಣ ಓಡಿಸುತ್ತಿದ್ದ. ಡಾಕ್ಟರಮ್ಮ ಬಂದಾಗಲೆಲ್ಲ ಅವನದು ಒಂದೇ ಮಾತು.

“ಆ್ಯಂಟಿಬಯಾಟಿಕ್ ಕೊಡಿ ಮೇಡಂ.”

“ಸುಟ್ಟ ತಕ್ಷಣ ಕೊಡೋದಲ್ಲ ಅದು. ಸುಮ್ಮಸುಮ್ಮನೆ ಕೊಟ್ರೆ, ನಿಜವಾಗಿ ಬೇಕಾದಾಗ ಕೆಲಸ ಮಾಡಲ್ಲ. ಕೀವಾದ್ರೆ ನಾನೇ ಕೊಡ್ತೀನಿ. ಗಾಯ ಚೊಕ್ಕಟವಾಗಿರಲಿ, ಅದಕ್ಕೆ ಏನೂ ಹಚ್ಚಬೇಡಿ.”

“ಉಳೀತಾಳಲ್ವಾ ಮೇಡಂ?”

“ನಿಮಗೇನಾಗಬೇಕು ಇವಳು?”

ಅವನು ನೊಣ ಓಡಿಸುತ್ತಲೇ ಇದ್ದ. ಅಜ್ಜಿಯೇ ಹೇಳಿದರು, “ಏನೂ ಆಗ್ಬೇಕಿಲ್ಲ ಕಣವ್ವ. ದೇವರೇ ಕಳಿಸ್ದಂಗೆ ಬಂದವ್ನೆ.”

ಆಮೇಲೊಂದು ದಿನ ಹುಡುಗಿಗೆ ವಿಪರೀತ ಜ್ವರ ಬಂತು. ಡಾಕ್ಟರಮ್ಮ ಬ್ಯಾಂಡೇಜ್ ಬಿಚ್ಚಿದರು. ಕೀವುಗಟ್ಟಿದ ಗಾಯದ ಮೇಲೆ ಯಾವುದೋ ಸೊಪ್ಪು ಅರೆದು ಮೆತ್ತಿದ್ದು ಕಾಣಿಸಿತು. ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಲೇ ಅವರು ಗದರಿದರು.

“ಈಗ ಕೊಡಲೇಬೇಕು. ಸೋಂಕು ಇದಕ್ಕೂ ಬಗ್ಗುತ್ತೋ ಇಲ್ವೋ ಗೊತ್ತಿಲ್ಲ. ಒಂದು ಜೀವ ಹೋಗುತ್ತೆ ಅನ್ನೋ ಪರಿವೆಯಾದ್ರೂ ಬೇಡವಾ? ಹೇಳಿ, ಹಚ್ಚಿದ್ದು ಯಾರು?”

ಅಜ್ಜಿ ಹಸಿರಾಗಿದ್ದ ಬೆರಳುಗಳನ್ನು ಸೆರಗಿನೊಳಗೆ ಅಡಗಿಸಿಕೊಂಡರು. ಯುವಕ ಎರಡೂ ಕೈ ಮುಗಿದ.

“ನಾನೇ ಮೇಡಂ. ಮನೆ ಒಳಗೆ ಯಾರೂ ಇಲ್ಲ ಅಂದಿದ್ರು.”