ಕೊರಡಿನ ಮೇಲಿನ ಭಾರ

"ಯಾಕೋ ಈ ಸಲ ಕೊರಡು ಹಾರ್ಕಂಡು ಹೋಯ್ತಾ ಐತೆ ಮಾವ," ಎಂದು ಅಳಿಯ ಎತ್ತುಗಳನ್ನು ನಿಲ್ಲಿಸಿದ.

ಕೊರಡಿನ ದಿಮ್ಮಿಯ ಮೇಲೆ ಕೂತಿದ್ದ ಚನ್ನಿಗಪ್ಪ ಇನ್ನಷ್ಟು ಅದುಮಿ ಕೂತ. ರಾಗಿ ಬಿತ್ತಿದ ಮೇಲೆ ಕೊರಡು ಎಳೆದು ಮಣ್ಣಿನ ಹೆಂಟೆ ಪುಡಿ ಮಾಡದಿದ್ದರೆ, ಸಂದಿಯಲ್ಲಿ ಅಡಗಿದ ಸಿಂಬಳದ ಹುಳಗಳು ಮೊಳಕೆಯನ್ನೆಲ್ಲ ಮೇದುಬಿಡುತ್ತವೆ. ಕೊರಡಿಗೆ ಭಾರವಾಗಿ ಕೂರಲು ಊರಿಗೆಲ್ಲ ಅವನೇ ಬೇಕು. ಕೂತವನಿಗೆ ಹೊಲದವರ ಮನೆಯಲ್ಲಿ ಕೋಳಿ ಸಾರಿನ ಊಟ. ಆದರೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ್ದೇ ತಡ, ಮೂರು ತಿಂಗಳಿಂದ ಹೆಂಡತಿ ಅವನ ತಟ್ಟೆಗೆ ಅರ್ಧ ಮುದ್ದೆಗಿಂತ ಹೆಚ್ಚು ಇಟ್ಟಿರಲಿಲ್ಲ.

"ಭಾರ ಹಂಗೇ ಐತೆ ಕಣ್ಲಾ. ನಿನ್ ಎತ್ತಿಗೆ ಮೇವು ಜಾಸ್ತಿ ಆಗೈತೆ," ಎಂದ.

ಅಷ್ಟರಲ್ಲಿ, ಈಗಷ್ಟೇ ಕೊರಡು ಹಾದುಹೋದ ಹೆಂಟೆಯೊಂದರ ಅಡಿಯಿಂದ ಒಂದು ಹುಳ ಕೊಂಬು ಚಾಚಿಕೊಂಡು ನಿಧಾನಕ್ಕೆ ಹೊರಬಂತು. ಇಬ್ಬರೂ ಅದನ್ನೇ ನೋಡಿದರು.

"ಇಳೀರಿ ಮಾವ, ಬೇಜಾರ್ ಮಾಡ್ಕಬ್ಯಾಡಿ. ನಿಮಗಿಂತ ಭಾರ ಇರೋರಿಗೆ ಹೇಳಿ ಕಳ್ಸಿವ್ನಿ," ಎಂದ ಅಳಿಯ.

"ಈ ಊರಾಗೆ ನನಗಿಂತ ಭಾರ ಯಾವನ್ಲಾ?"

ಬದುವಿನ ಮೇಲೆ ಚನ್ನಿಗಪ್ಪನ ಹೆಂಡತಿ ಸೊಂಟಕ್ಕೆ ಸೆರಗು ಬಿಗಿದುಕೊಂಡು ಬರುತ್ತಿದ್ದಳು.

"ದಿನಾ ನಿಮ್ಮ ತಟ್ಟೆಯಿಂದ ಕಮ್ಮಿಯಾದ ಮುದ್ದೆನ ಯಾರು ತಿಂತಿದ್ರು ಅಂದ್ಕಂಡ್ರಿ?" ಎಂದಳು. "ರಾಗಿ ಅದು. ಬಿಸಾಕಕ್ ಆಯ್ತದಾ?"

ಚನ್ನಿಗಪ್ಪ ಇಳಿದ ಜಾಗದಲ್ಲಿ ಅವಳು ಕೂತಳು. ಎತ್ತುಗಳು ಒಂದು ಗಳಿಗೆ ಯೋಚಿಸಿ ಆಮೇಲೆ ಎಳೆದವು. ಹೆಂಟೆಗಳೆಲ್ಲ ಹಿಟ್ಟಾಗುತ್ತ ಹೋದವು.