ಹೊಟ್ಟೆ ಹಿಡಿದು

ನಕ್ಕರೆ ರಕ್ತ ಸಲೀಸಾಗಿ ಓಡುತ್ತದೆ, ಹೃದಯ ಗಟ್ಟಿಯಾಗುತ್ತದೆ ಎಂದು ಪುಸಲಾಯಿಸಿ ಕೆಂಚೇಗೌಡರನ್ನು ಪಾರ್ಕಿನ ನಗೆಕೂಟಕ್ಕೆ ಕರೆತಂದವನು ಗೋಪಿನಾಥನೇ. ಮುಂದೆ ನಿಂತು ಎಲ್ಲರನ್ನೂ ನಗಿಸುವವನೂ ಅವನೇ. ಅವತ್ತು ಬೆಳಿಗ್ಗೆ ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದಾಗ ಗೌಡರು ಎದೆ ಹಿಡಿದು ಬಾಗಿದರು.

"ಎದೆಯಲ್ಲ ಗೌಡ್ರೇ, ಹೊಟ್ಟೆ ಹಿಡ್ಕೊಳ್ಳಿ" ಎಂದು ಗೋಪಿನಾಥ ಕೂಗಿದ. ಕೂಟವೆಲ್ಲ ಇನ್ನಷ್ಟು ಜೋರಾಗಿ ನಕ್ಕಿತು. ಅವರು ಹುಲ್ಲಿನ ಮೇಲೆ ಉರುಳಿದ ಮೇಲೂ ಆ ನಗು ಹಾಳಾದ್ದು ತಕ್ಷಣ ನಿಲ್ಲಲಿಲ್ಲ.

ಮೂರನೇ ದಿನ ಗೌಡರ ಸಮಾಧಿಗೆ ಹಾಲುತುಪ್ಪ ಬಿಟ್ಟು ಮುಗಿದ ಸಂಜೆ ಗೋಪಿನಾಥ ಕಾಲೆಳೆದುಕೊಂಡು ಅವರ ಮನೆಗೆ ಹೋದ. ಬಾಗಿಲಲ್ಲೇ ಗೌಡರ ಮಗ ಅಡ್ಡ ನಿಂತ.

"ಬಂದ್ರಾ ಡಾಕ್ಟ್ರೇ? ನಮ್ಮಪ್ಪನ ಹೃದಯ ಗಟ್ಟಿ ಮಾಡಿದ್ದಾಯ್ತು. ಇನ್ಯಾರಿಗೆ ಔಷಧಿ ಕೊಡೋಕೆ ಬಂದ್ರಿ?"

ಗೋಪಿನಾಥ ತಲೆ ತಗ್ಗಿಸಿದ. ಕೆನ್ನೆಗೆ ಎರಡು ಬಾರಿಸಿದ್ದರೆ ಸ್ವಲ್ಪ ಹಗುರಾಗುತ್ತಿತ್ತೇನೋ.

"ಒಳಗೆ ಬಿಡೋ ಅವನ್ನ" ಎಂದರು ಗೌಡರ ಹೆಂಡತಿ. ಆಕೆ ಗಂಡನ ಫೋಟೋದ ಕೆಳಗೆ ಕೂತಿದ್ದರು. ಹೂವಿನ ಹಾರದೊಳಗೂ ಗೌಡರ ಹುಬ್ಬು ಗಂಟಿಕ್ಕಿಕೊಂಡೇ ಇತ್ತು.

"ತಪ್ಪಾಯ್ತಮ್ಮ. ಅವರು ನಗ್ತಾ ಇದಾರೆ ಅಂದ್ಕೊಂಡೆ."

"ದಿನಾ ನಗ್ತಿದ್ರಾ?"

"ದಿನಾ. ಎಲ್ಲರಿಗಿಂತ ಜೋರಾಗಿ ಅವರೇ ನಗ್ತಿದ್ದದ್ದು."

ಆಕೆ ಸೆರಗಿನಿಂದ ಮುಖ ಒರೆಸಿಕೊಂಡರು. ಮಗನನ್ನು ಕೈಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಈ ಮನೇಲಿ ಅವರು ಒಂದಿನವೂ ನಕ್ಕೋರಲ್ಲ ಕಣಪ್ಪ. ಹೆಂಗೆ ನಗ್ತಿದ್ರು? ಒಂದ್ಸಲ ನಕ್ಕು ತೋರಿಸು, ನೋಡ್ತೀವಿ."