ಕಣ್ಣು ಮುಚ್ಚಿ ಹಾಕಿದ ರೊಟ್ಟಿ

ಮೊದಲ ರೊಟ್ಟಿ ತನ್ನೂರ್ ಎಂಬ ಆಳವಾದ ಮಣ್ಣಿನ ಒಲೆಯ ಒಳಗೋಡೆಗೆ ಅಂಟದೆ ಜಾರಿ ಕೆಂಡಕ್ಕೆ ಬಿತ್ತು. ಎರಡನೆಯದೂ ಹಾಗೇ ಆಯಿತು. ಇಬ್ಬ್ ಎಂಬ ಬೆಟ್ಟನಾಡಿನ ಆ ಹಳ್ಳಿಯಲ್ಲಿ ರೊಟ್ಟಿಗೆ ಹೆಸರಾದ ತಕಿಯ್ಯಾ ಸಿಟ್ಟಿನಿಂದ ಸೊಸೆಯತ್ತ ತಿರುಗಿದಳು.

"ನೋಡಿದ್ಯಾ? ನಿನ್ನ ಕೊಳವೆ ನನ್ನ ಕೈಗುಣಾನೇ ಕಿತ್ಕೊಂಡ್ತು. ಇನ್ನೊಂದು ಬೀಳ್ಲಿ, ಅದನ್ನ ಕಿತ್ತು ಕೋಳಿಗೂಡಿಗೆ ಹಾಕ್ತೀನಿ!"

ಬೆರಣಿ, ಜೋಳದ ದಂಟಿನ ಹೊಗೆ ಎದೆಗೆ ವಿಷ ಎಂದು ನರ್ಸಮ್ಮ ಹೇಳಿದ ಮೇಲೆ, ಅತ್ತೆಯ ಕೆಮ್ಮು ಕೇಳಲಾರದೆ, ಹುರ್ರಿಯಾ ಗಂಡನನ್ನು ಕಾಡಿಬೇಡಿ ನಿನ್ನೆಯಷ್ಟೇ ಹಾಕಿಸಿದ ತಗಡಿನ ಕೊಳವೆ ಅದು. ಈಗ ಹೊಗೆಯೆಲ್ಲ ಮಾಳಿಗೆ ದಾಟಿ ಹೋಗುತ್ತಿತ್ತು. ಅತ್ತೆಯ ಕಣ್ಣುಗಳು ಅಗಲವಾಗಿ ತೆರೆದಿದ್ದವು. ಹುರ್ರಿಯಾಗೆ ಥಟ್ಟನೆ ಹೊಳೆಯಿತು. ಒಲೆಯ ಮುಂದೆ ಆ ಕಣ್ಣುಗಳು ತೆರೆದಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

"ಅತ್ತೆ, ಕಣ್ಣು ಮುಚ್ಕೊಂಡು ಹಾಕಿ."

"ನನ್ನ ಕುರುಡಿ ಮಾಡ್ತೀಯೇನೇ?"

"ಇಷ್ಟು ವರ್ಷ ಹೊಗೇಲಿ ಹಂಗೇ ತಾನೆ ಹಾಕ್ತಿದ್ದಿದ್ದು!"

ತಕಿಯ್ಯಾ ಗೊಣಗುತ್ತಲೇ ಕಣ್ಣು ಮುಚ್ಚಿದಳು. ಕೈ ತಾನಾಗಿಯೇ ಒಲೆಯೊಳಗೆ ಇಳಿಯಿತು. ಪಟ್! ರೊಟ್ಟಿ ಗೋಡೆಗೆ ಅಂಟಿ ಉಬ್ಬತೊಡಗಿತು. ಅವಳು ಒಂದು ಕಣ್ಣನ್ನಷ್ಟೇ ತೆರೆದು ಅದನ್ನು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಲೆಯ ಮುಂದೆ ಅವಳ ನಗು ಯಾವಾಗಲೂ ಕೆಮ್ಮಿನಲ್ಲೇ ಮುಗಿಯುತ್ತಿತ್ತು. ಅಭ್ಯಾಸದಂತೆ ಹುರ್ರಿಯಾ ನೀರಿನ ಲೋಟ ಹಿಡಿದು ಕಾದಳು. ನಗು ಮುಗಿಯಿತು. ಕೆಮ್ಮು ಬರಲಿಲ್ಲ.

"ಲೋಟ ಹಿಡ್ಕೊಂಡು ಯಾಕೆ ನಿಂತಿದ್ದೀಯೇ? ಹಿಟ್ಟು ಕೊಡು" ಎಂದು ಅತ್ತೆ ಮತ್ತೆ ಕಣ್ಣು ಮುಚ್ಚಿದಳು.